ನಿಮ್ಮ ಪ್ರಶ್ನೆ: ಸೂಟು, ಸಭೆಯ ಲೆಕ್ಕ, ಮದುವೆ ವಿಚಾರಣೆ

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೂರು ದಾವಣಗೆರೆ ಕಡೆಯವು, ಎರಡು ಚಿತ್ರದುರ್ಗದವು. ಎಲ್ಲರೂ ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಉದ್ದ ಇದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಒಂದನ್ನು ಬಿಟ್ಟರೆ ಉಳಿದ ನಾಲ್ವರದೂ ಹೆಚ್ಚುಕಡಿಮೆ ಒಂದೇ ಸಂಕಟ. ನಿಜ ಹೇಳಿದರೆ ಹೊರಗಿನವರಲ್ಲ, ನಮ್ಮವರೇ ಮುಖ ತಿರುಗಿಸುತ್ತಾರೆ, ಏನು ಮಾಡೋದು ಅಂತ.

ಪ್ರಶ್ನೆ: ಬಿ.ಕಾಂ. ಮುಗಿಸಿ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ತೂಕ ಬರೆಯೋದೂ ನಾನೇ. ಚೀಲಕ್ಕೆ ಒಂದು ಕೆಜಿ ಸೂಟು (ತೂಕದಲ್ಲಿ ಕಡಿತ) ಹಿಡಿದು ಬರಿ ಅಂತ ಸಾಹುಕಾರರು ಹೇಳಿದ್ದಾರೆ. ಅಧಿಕೃತ ಬಿಲ್ಲಿಲ್ಲ, ಬಿಳಿ ಚೀಟಿಯಲ್ಲೇ ವ್ಯವಹಾರ. ಅವರು ನಮ್ಮ ಸಭೆಯವರೇ, ನಮ್ಮ ಚರ್ಚಿನವರೇ. ಅಕ್ಕನ ಮದುವೆಗೆ ಕೇಳದೇ ಐವತ್ತು ಸಾವಿರ ಕೊಟ್ಟವರು. "ಉಂಡ ಮನೆಗೆ ಎರಡು ಬಗೀಬೇಡ" ಅಂತ ಅಪ್ಪ ಬೈಯುತ್ತಾರೆ. ಭಾನುವಾರ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಚೀಲಗಳೇ ಕಾಣುತ್ತವೆ. ಕೆಲಸ ಬಿಟ್ಟುಬಿಡಲಾ?
(ದಾವಣಗೆರೆ)

ಉತ್ತರ: ತಮ್ಮಾ, ನೀನು ಲೆಕ್ಕದವನು, ಅದಕ್ಕೆ ಮೊದಲು ಲೆಕ್ಕವನ್ನೇ ಮಾಡೋಣ. ಒಬ್ಬ ರೈತ 60 ಚೀಲ ತಂದ ಅಂತಿಟ್ಟುಕೊ. ಚೀಲಕ್ಕೆ ಒಂದು ಕೆಜಿ ಅಂದರೆ 60 ಕೆಜಿ. 2025-26ಕ್ಕೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಇಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಆ ದರ ಹಿಡಿದರೆ 1,440 ರೂಪಾಯಿ. ಗೊಬ್ಬರಕ್ಕೆ ಸಾಲ ಮಾಡಿ, ಮಳೆಗೆ ಕಾದು, ಕಟಾವಿಗೆ ಕೂಲಿ ಕೊಟ್ಟು, ಟ್ರ್ಯಾಕ್ಟರ್ ಬಾಡಿಗೆ ತೆತ್ತು ಬಂದವನ ಜೇಬಿನಿಂದ ನಿನ್ನ ಪೆನ್ನಿನ ಒಂದು ಗೆರೆಗೆ ಅಷ್ಟು ಹೋಯಿತು. ಅವನಿಗೆ ಗೊತ್ತಾಗೋದಿಲ್ಲ ಅಂತಲ್ಲ, ಗೊತ್ತಾಗುತ್ತೆ. ಆದರೆ ಚೀಲ ಆಗಲೇ ಇಳಿಸಿ ಆಗಿದೆ. ಮತ್ತೆ ತುಂಬಿಕೊಂಡು ಎಲ್ಲಿಗೆ ಹೋಗೋದು?

ಒಂದು ಬೆಳಗ್ಗೆ ಯಾರನ್ನೋ ನೋಡೋಕೆ ಎಪಿಎಂಸಿ ಕಡೆ ಹೋಗಿದ್ದೆ. ಜಗಳೂರು ಕಡೆಯ ಒಬ್ಬ ಹಿರಿಯರು ಕುಕ್ಕರಗಾಲಲ್ಲಿ ಕೂತಿದ್ದರು. ಚೀಲ ಹರಿದು ಚೆಲ್ಲಿದ ಕಾಳನ್ನು ಅಂಗೈಯಲ್ಲಿ ಬಳಿದು, ಕಲ್ಲು ಆರಿಸಿ, ಊದಿ, ಹೆಗಲ ಮೇಲಿನ ಟವೆಲ್ಲಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲ ಸೇರಿದರೂ ಅರ್ಧ ಕೆಜಿ ಆಗುತ್ತಿರಲಿಲ್ಲ. ಆಮೇಲೆ ಕಾಟಾದ ಹತ್ತಿರ ಹೋಗಿ ಆ ಟವೆಲ್ಲನ್ನೂ ಕೊನೆಯ ಚೀಲಕ್ಕೆ ಸುರಿದರು. ಅರ್ಧ ಕೆಜಿಗೆ ಅಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತ ಮನುಷ್ಯನಿಗೆ ಒಂದು ಕೆಜಿ ಅಂದರೆ ಏನು ಅಂತ ನಮಗೆ ಗೊತ್ತಿರಬೇಕು.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಇದರ ಬಗ್ಗೆ ನೇರವಾಗಿಯೇ ಇದೆ. ಧರ್ಮೋಪದೇಶಕಾಂಡ 25ನೇ ಅಧ್ಯಾಯ ತೆಗೆದು ನೋಡು. ನಿನ್ನ ಚೀಲದಲ್ಲಿ ಒಂದು ದೊಡ್ಡದು ಒಂದು ಚಿಕ್ಕದು, ಹೀಗೆ ಎರಡು ತರದ ತೂಕದ ಕಲ್ಲು ಇರಬಾರದು ಅಂತ ಅಲ್ಲಿ ಹೇಳಿದೆ. ಆಗ ತೂಕ ಅಂದರೆ ಕಲ್ಲೇ. ವ್ಯಾಪಾರಿ ಅದನ್ನು ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಕೊಳ್ಳುವಾಗ ದೊಡ್ಡ ಕಲ್ಲು, ಮಾರುವಾಗ ಚಿಕ್ಕ ಕಲ್ಲು. ಈಗ ಕಾಟಾ ಎಲೆಕ್ಟ್ರಾನಿಕ್, ಅದು ಸರಿಯಾಗೇ ತೋರಿಸುತ್ತೆ. ಎರಡನೇ ಕಲ್ಲು ಚೀಲ ಬಿಟ್ಟು ಬಿಳಿ ಚೀಟಿಗೆ ಬಂದಿದೆ, ಅಷ್ಟೇ ವ್ಯತ್ಯಾಸ. ಪ್ರವಾದಿ ಆಮೋಸನ ಪುಸ್ತಕದ 8ನೇ ಅಧ್ಯಾಯವನ್ನೂ ಓದು. ಕೊಳಗ ಕಿರಿದು ಮಾಡೋದು, ಬೆಲೆ ಏರಿಸೋದು, ತಕ್ಕಡಿಯಲ್ಲಿ ಮೋಸ ಮಾಡೋದು, ಕೊನೆಗೆ ಗೋದಿಯ ಹೊಟ್ಟನ್ನೂ ಬಡವನಿಗೆ ಮಾರೋದು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾನೆ. ಅವನೇನು ಪಂಡಿತನಲ್ಲ. ಕುರಿ ಕಾಯುವವನು, ಅತ್ತಿಹಣ್ಣು ಕೀಳುವವನು. ಬೇತೇಲಿನ ಯಾಜಕ ಅವನಿಗೆ ಏನಂದ ಗೊತ್ತಾ? ಇಲ್ಲಿಂದ ಹೊರಡು, ನಿಮ್ಮೂರಲ್ಲಿ ಪ್ರವಾದನೆ ಹೇಳಿಕೊಂಡು ಹೊಟ್ಟೆ ಹೊರಕೋ ಅಂದ. ಗುಡಿಯೊಳಗಿನವನೇ ಹೀಗಂದ.

ಒಂದು ಮಾತು ಬಿಡಿಸಿ ಹೇಳಬೇಕು. ತೇವಾಂಶಕ್ಕೆ ಹಿಡಿಯೋದು ಬೇರೆ, ಸೂಟು ಬೇರೆ. ಸರ್ಕಾರದ ಖರೀದಿಯಲ್ಲೂ ಮೆಕ್ಕೆಜೋಳಕ್ಕೆ 14 ಪರ್ಸೆಂಟ್ ತೇವಾಂಶದ ಮಿತಿ ಇದೆ. ಕಾಳು ಹಸಿ ಇದ್ದರೆ ಮೀಟರ್ ಇಟ್ಟು, ರೈತನಿಗೆ ತೋರಿಸಿ, ಒಪ್ಪಿಸಿ ಬೆಲೆ ಕಡಿಮೆ ಮಾಡಿದರೆ ಅದು ನ್ಯಾಯವೇ. ಕಾರಣ ಹೇಳದೆ, ತೋರಿಸದೆ, ಎಲ್ಲರ ಚೀಲಕ್ಕೂ ಒಂದೊಂದು ಕೆಜಿ ಹೊಡೆಯೋದಕ್ಕೆ ಕಾನೂನಿನಲ್ಲೂ ಜಾಗವಿಲ್ಲ. ನಿನ್ನ ಸಾಹುಕಾರರು ಎರಡನ್ನೂ ಸೇರಿಸಿ ಮಾತಾಡಿದರೆ ನೀನು ಬೇರೆ ಮಾಡಿ ಕೇಳು.

ಈಗ ಹಂಗಿನ ವಿಷಯ. ಇದೇ ನಿನ್ನನ್ನು ಜಾಸ್ತಿ ಕಟ್ಟಿಹಾಕಿರೋದು ಅಂತ ಪತ್ರ ಓದುವಾಗಲೇ ಅನ್ನಿಸಿತು. ಅವರು ಐವತ್ತು ಸಾವಿರ ಕೊಟ್ಟಿದ್ದು ನಿಜ, ಅದನ್ನು ಮರೆಯಬೇಡ. ಸಾಲ ಅಂತ ಬರೆದುಕೊಂಡು ತಿಂಗಳಿಗಿಷ್ಟು ತೀರಿಸು. ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೋಗು, ಸಂಜೆ ಹೊತ್ತಾದರೂ ಕೂತು ಕೆಲಸ ಮುಗಿಸು. ಅದೆಲ್ಲ ನಿನ್ನ ಕೈಯಿಂದ ಕೊಡೋದು. ಆದರೆ ನಿನ್ನ ಮನೆಯ ಋಣವನ್ನು ಜಗಳೂರಿನ ರೈತನ ಚೀಲದಿಂದ ತೀರಿಸೋ ಹಾಗಿಲ್ಲ. ಅವನು ನಿಮ್ಮ ಅಕ್ಕನ ಮದುವೆಯಲ್ಲಿ ಉಂಡವನಲ್ಲ.

ಕೆಲಸ ಬಿಡಲಾ ಅಂತ ಕೇಳಿದೆ. ಸ್ನಾನಿಕ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳಿದಾಗ ಅವನು ಸುಂಕದ ಕಟ್ಟೆ ಬಿಟ್ಟು ಬನ್ನಿ ಅನ್ನಲಿಲ್ಲ. ನಿಮಗೆ ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅಂದ. ಲೂಕ 3ನೇ ಅಧ್ಯಾಯದಲ್ಲಿದೆ. ನಾನೂ ಅದನ್ನೇ ಹೇಳುತ್ತೇನೆ. ಕುರ್ಚಿಯಲ್ಲೇ ಇರು, ಕಾಟಾ ತೋರಿಸಿದ್ದನ್ನೇ ಬರಿ. ಆದರೆ ಹೇಳದೆ ಕೇಳದೆ ಶುರು ಮಾಡಬೇಡ. ಮತ್ತಾಯ 18ರಲ್ಲಿ ಯೇಸುಸ್ವಾಮಿ ಹೇಳಿದ್ದು ಮೊದಲು ಅವನೊಬ್ಬನನ್ನೇ ಕಂಡು ಮಾತಾಡು ಅಂತ. ಅಂಗಡಿ ಬಾಗಿಲು ಎಳೆದ ಮೇಲೆ, ಹಮಾಲರು ಹೋದ ಮೇಲೆ, ಇಬ್ಬರೇ ಇರುವಾಗ ಹೇಳು: "ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ. ಇನ್ನು ಮುಂದೆ ತೂಕ ಕಾಟಾದಲ್ಲಿ ಬಂದ ಹಾಗೆ ಬರೀತೀನಿ. ಕಡಿತ ಏನಾದರೂ ಇದ್ದರೆ ಕಾರಣ ಹಾಕಿ ಬೇರೆ ಸಾಲಿನಲ್ಲಿ ಬರೀತೀನಿ, ರೈತನಿಗೂ ತೋರಿಸ್ತೀನಿ." ಇಷ್ಟೇ. ನೀವು ಕಳ್ಳರು ಅನ್ನಬೇಡ. ವಾಕ್ಯ ಎತ್ತಿ ಅವರಿಗೆ ಪ್ರಸಂಗ ಮಾಡಬೇಡ.

ಅವರು ಒಪ್ಪಬಹುದು. ನಾಳೆಯಿಂದ ಬರಬೇಡ ಅನ್ನಲೂಬಹುದು. ಅದನ್ನು ಮುಚ್ಚಿಟ್ಟು ಧೈರ್ಯ ಹೇಳಿದರೆ ನಾನೇ ನಿನಗೆ ಸುಳ್ಳು ಹೇಳಿದ ಹಾಗೆ. ಹಾಗಾದರೆ ನಿನ್ನ ಸಭೆಯವರಿಗೆ ನನ್ನದೊಂದು ಮಾತಿದೆ. ಮೊದಲ ಸಭೆಯಲ್ಲಿ ಕೊರತೆಯಲ್ಲಿದ್ದವರು ಯಾರೂ ಇರಲಿಲ್ಲ, ಇದ್ದವರು ಮಾರಿ ತಂದು ಕೊಟ್ಟು ಅವರವರಿಗೆ ಬೇಕಾದಷ್ಟು ಹಂಚುತ್ತಿದ್ದರು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೀರಿ. ಸರಿಯಾದ ತೂಕ ಬರೆದ ಹುಡುಗ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತರೆ, ಅವನ ಮನೆಗೆ ಎರಡು ತಿಂಗಳ ಅಕ್ಕಿ, ಎಣ್ಣೆ ಕೊಡಿಸಿ. ಇನ್ನೊಂದು ಕಡೆ ಕೆಲಸಕ್ಕೆ ಮಾತಾಡಿ. ಅದು ಮಾಡದೆ ಸತ್ಯದ ಬಗ್ಗೆ ಪ್ರಸಂಗ ಕೇಳಿ ಆಮೆನ್ ಅಂದು ಮನೆಗೆ ಹೋಗಬೇಡಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಒಂದು ಮೊಬೈಲ್ ಕಳುವಾಯಿತು. ಮೊಳಕಾಲ್ಮೂರು ಕಡೆಯಿಂದ ಬಂದ ಒಬ್ಬ ಜೂನಿಯರ್ ಮೇಲೆ ಎಲ್ಲರೂ ಹೇಳಿದರು. ವಾಟ್ಸಾಪ್ ಗ್ರೂಪ್‌ನಲ್ಲಿ ಅವನ ಫೋಟೋ ಹಾಕಿ ಕಳ್ಳ ಅಂತ ಬರೆದರು. ಆ ಹೊತ್ತಿನಲ್ಲಿ ಅವನು ಲೈಬ್ರರಿಯಲ್ಲಿ ನನ್ನ ಎದುರಿಗೇ ಕೂತಿದ್ದ. ಆದರೆ ಹೇಳುತ್ತಿದ್ದವರೆಲ್ಲ ನನ್ನ ಫ್ರೆಂಡ್ಸ್. ಸುಮ್ನೆ ಇದ್ದುಬಿಟ್ಟೆ. ಅವನು ಹಾಸ್ಟೆಲ್ ಬಿಟ್ಟು ಊರಿಗೆ ಹೋದ. ಈಗ ಹೇಳಿದರೆ ಏನು ಬಂತು?
(ಚಿತ್ರದುರ್ಗ)

ಉತ್ತರ: ನಿನಗೆ ಬುದ್ಧಿ ಹೇಳೋ ಮೊದಲು ನನ್ನದೊಂದು ಹೇಳಿಕೊಳ್ಳಬೇಕು. ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ಬಹಳ ವರ್ಷದ ಹಿಂದೆ ಒಂದು ಪರೀಕ್ಷಾ ಕೇಂದ್ರದಲ್ಲಿ ರೂಮ್ ಕಾಯೋ ಡ್ಯೂಟಿ ಬಿತ್ತು. ಗಣಿತದ ದಿನ ಕಿಟಕಿಯಿಂದ ಚೀಟಿ ಬರೋಕೆ ಶುರುವಾಯಿತು. ಜೊತೆಯ ಮೇಷ್ಟ್ರು ಕಣ್ಣಲ್ಲೇ ಬಿಡಿ ಸಾರ್ ಅಂದರು. ರಿಸಲ್ಟ್ ಬಿದ್ದರೆ ಶಾಲೆಗೆ ಕೆಟ್ಟ ಹೆಸರು, ಊರಿನವರ ಕೋಪ, ನನಗ್ಯಾಕೆ ಅಂತ ನಾನು ಬೋರ್ಡಿನ ಕಡೆ ತಿರುಗಿ ನಿಂತೆ. ಎರಡನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ತಾನೇ ಬರೆಯುತ್ತಿದ್ದಳು. ಅವಳ ಪೆನ್ನು ಸೋರುತ್ತಿತ್ತು. ನಿಬ್ಬನ್ನು ಆಗಾಗ ಜಡೆಗೆ ಒರೆಸಿಕೊಳ್ಳುತ್ತಿದ್ದಳು. ಒಂದು ಸಲ ತಲೆಯೆತ್ತಿ ಕಿಟಕಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಮತ್ತೆ ಬರೆಯೋಕೆ ಶುರು ಮಾಡಿದಳು. ದೂರು ಕೊಡಲಿಲ್ಲ, ಏನೂ ಅನ್ನಲಿಲ್ಲ. ನಾನು ಸುಮ್ಮನಿದ್ದದ್ದಕ್ಕೆ ಬೆಲೆ ತೆತ್ತವಳು ಅವಳು. ಆ ನೋಟ ಇವತ್ತಿಗೂ ಹೋಗಿಲ್ಲ. ಅವಳನ್ನು ಹುಡುಕಿ ಕ್ಷಮೆ ಕೇಳೋ ಅವಕಾಶ ನನಗೆ ಇಲ್ಲ. ನಿನಗೆ ಇದೆ. ಮೊಳಕಾಲ್ಮೂರು ಏನು ದೂರ?

ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ನಿನ್ನ ಹಾಸ್ಟೆಲಿನ ಕಥೆಯ ಹಾಗೇ ಇದೆ. ಹುಟ್ಟು ಕುರುಡನಿಗೆ ಯೇಸು ಕಣ್ಣು ಕೊಟ್ಟರು. ಅಧಿಕಾರದವರು ಅವನ ಅಪ್ಪ ಅಮ್ಮನನ್ನು ಕರೆಸಿ ಕೇಳಿದರು. ಇವನು ನಮ್ಮ ಮಗ, ಹುಟ್ಟಿನಿಂದ ಕುರುಡ, ಇಷ್ಟು ಗೊತ್ತು. ಈಗ ಹೇಗೆ ಕಣ್ಣು ಬಂತೋ ಗೊತ್ತಿಲ್ಲ, ಅವನನ್ನೇ ಕೇಳಿ, ಪ್ರಾಯದವನು. ಹೀಗೆ ಹೇಳಿ ಜಾರಿಕೊಂಡರು. ಯಾಕೆಂದರೆ ಯೇಸುವನ್ನು ಕ್ರಿಸ್ತ ಅಂತ ಒಪ್ಪಿದವರನ್ನು ಸಭಾಮಂದಿರದಿಂದ ಹೊರಗೆ ಹಾಕೋದು ಅಂತ ಆಗಲೇ ತೀರ್ಮಾನ ಆಗಿತ್ತು. ಹೆತ್ತವರೇ ಹೆದರಿದರು ಅಂದರೆ ನಮ್ಮವರಿಂದ ಹೊರಗೆ ಬೀಳೋ ಭಯ ಎಷ್ಟು ದೊಡ್ಡದು ನೋಡು. ನೀನೂ ಅದಕ್ಕೇ ಹೆದರಿದೆ. ಮೆಸ್ಸಿನಲ್ಲಿ ಒಬ್ಬನೇ ಕೂತು ಉಣ್ಣಬೇಕಾಗುತ್ತೆ ಅಂತ. ಆ ಭಯ ಸಣ್ಣದು ಅಂತ ನಾನು ಅನ್ನುವುದಿಲ್ಲ.

ಕೊನೆಗೆ ಕಣ್ಣು ಬಂದವನನ್ನು ಹೊರಗೆ ಹಾಕಿದರು. ಆ ಸುದ್ದಿ ಕೇಳಿ ಯೇಸು ಅವನನ್ನು ಹುಡುಕಿಕೊಂಡು ಹೋದರು. ನೀನು ಮಾಡಬೇಕಾದದ್ದು ಅದೇ. ಬಸ್ಸು ಹತ್ತು. ಅವನ ಮನೆಯವರ ಎದುರಿಗೆ ಹೇಳು, ಆ ಹೊತ್ತಿನಲ್ಲಿ ನನ್ನ ಎದುರಿಗೇ ಇದ್ದ, ನಾನು ಹೆದರಿ ಹೇಳಲಿಲ್ಲ ಅಂತ. ವಾರ್ಡನ್‌ಗೆ ಬರೆದು ಕೊಡು. ಆಮೇಲೆ ಎಲ್ಲಿ ಅವನನ್ನು ಕಳ್ಳ ಅಂದರೋ ಅದೇ ಗ್ರೂಪ್‌ನಲ್ಲಿ ಬರಿ. ಬೇರೆ ಕಡೆ ಮೆಲ್ಲಗೆ ಹೇಳಿದರೆ ಸಾಲದು.

ಯೇಸುವಿನ ವಿಚಾರ ಬಂದಾಗ, ಒಬ್ಬನ ಮಾತು ಕೇಳದೆ ತೀರ್ಪು ಮಾಡೋದು ನಮ್ಮ ಧರ್ಮಶಾಸ್ತ್ರದಲ್ಲಿ ಇದೆಯಾ ಅಂತ ನಿಕೊದೇಮ ಅನ್ನೋ ಯೆಹೂದ್ಯ ಮುಖಂಡ ಹಿರಿಯರ ನಡುವೆ ಕೇಳಿದ. ಅವನು ಯೇಸುವಿನ ಪರ ಭಾಷಣ ಮಾಡಲಿಲ್ಲ, ಬರೀ ನ್ಯಾಯದ ಪ್ರಶ್ನೆ ಎತ್ತಿದ. ತಕ್ಷಣ ಬಂದ ಉತ್ತರ: ನೀನೂ ಯೇಸುವಿನ ಹಾಗೆ ಗಲಿಲಾಯದವನೋ? ನಿನಗೂ ಅದೇ ಬರುತ್ತೆ, ನೀನೂ ಅವನ ಕಡೆಯವನಾ ಅಂತ. ಯಾರ ಕಡೆಯೂ ಅಲ್ಲ, ಕಂಡದ್ದು ಹೇಳ್ತಿದ್ದೀನಿ ಅನ್ನು. ಇನ್ನೊಂದು ವಿಷಯ ನೆನಪಿಡು. ಅವನು ಬಡವ ಅಂತ ಕನಿಕರಕ್ಕೆ ಹೇಳಬೇಡ. ವಿಮೋಚನಕಾಂಡ 23ರಲ್ಲಿ ಗುಂಪಿನ ಹಿಂದೆ ಹೋಗಿ ನ್ಯಾಯ ತಿರುಚಬೇಡ ಅಂತ ಇದೆ, ಅದರ ಮುಂದಿನ ಮಾತೇ ವ್ಯಾಜ್ಯದಲ್ಲಿ ಬಡವನಿಗೆ ಪಕ್ಷಪಾತ ಮಾಡಬೇಡ ಅಂತ. ಅವನು ಸಾಹುಕಾರನ ಮಗ ಆಗಿದ್ದರೂ ನೀನು ಇದನ್ನೇ ಹೇಳಬೇಕಿತ್ತು.

ಪ್ರಶ್ನೆ: ಸಂಡೇ ಸ್ಕೂಲಿನಲ್ಲಿ ಒಬ್ಬ ಹುಡುಗ ಕೇಳಿದ: "ಸುಳ್ಳು ಹೇಳಬಾರದು ಅಂತೀರಿ, ಯೆರಿಕೋ ಊರಿನ ರಾಹಾಬಳು ಇಸ್ರಾಯೇಲಿನ ಗೂಢಚಾರರನ್ನು ಅಡಗಿಸಿ ಸುಳ್ಳು ಹೇಳಿದಳಲ್ಲ, ಅದು ಸರಿನಾ?" ನನಗೆ ಉತ್ತರ ತಿಳಿಯಲಿಲ್ಲ.
(ಹಿರಿಯೂರು)

ಉತ್ತರ: ಒಳ್ಳೇ ಹುಡುಗ. ದೊಡ್ಡ ದೊಡ್ಡವರೇ ಈ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದಾರೆ. ಕ್ರಿ.ಶ. 430ರಲ್ಲಿ ತೀರಿಕೊಂಡ, ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಸಂತ ಅಗಸ್ಟೀನ್ ಸುಳ್ಳಿನ ಬಗ್ಗೆಯೇ ಎರಡು ಬರಹ ಬರೆದರು. ಜೀವ ಉಳಿಸೋಕೂ ಸುಳ್ಳು ಸಲ್ಲದು ಅನ್ನೋದು ಅವರ ಮಾತು. ಎಲ್ಲ ಕ್ರೈಸ್ತರೂ ಅದನ್ನು ಹಾಗೇ ಒಪ್ಪಿಲ್ಲ. ರಾಹಾಬಳ ಜೊತೆಗೆ ಐಗುಪ್ತದಲ್ಲಿದ್ದ (ಈಜಿಪ್ಟಿನಲ್ಲಿದ್ದ) ಇಬ್ರಿಯರ ಸೂಲಗಿತ್ತಿಯರೂ ಇದ್ದಾರೆ. ಗಂಡು ಕೂಸುಗಳನ್ನು ಕೊಲ್ಲಿ ಅಂತ ಫರೋಹ ಹೇಳಿದಾಗ ಕೊಲ್ಲಲಿಲ್ಲ, ಇಬ್ರಿಯ ಹೆಂಗಸರು ಗಟ್ಟಿ, ನಾವು ಹೋಗೋದರೊಳಗೇ ಹೆತ್ತಿರುತ್ತಾರೆ ಅಂತ ಹೇಳಿಬಿಟ್ಟರು. ದೇವರು ಅವರಿಗೆ ಒಳ್ಳೆಯದು ಮಾಡಿದರು ಅಂತ ಬರೆದಿದೆ. ಕಾರಣ ಅಂತ ಅಲ್ಲಿ ಹೇಳಿರೋದು ಅವರ ದೈವಭಯ.

ನನಗೆ ಅನ್ನಿಸೋದು ಇಷ್ಟು. ಆ ಹೆಂಗಸರು ತಮ್ಮ ಜೀವ ಪಣಕ್ಕಿಟ್ಟು ಬೇರೆಯವರ ಜೀವ ಉಳಿಸಿದರು. ನಾವು ದಿನಾ ಹೇಳೋ ಸುಳ್ಳು ನಮ್ಮನ್ನು ಉಳಿಸಿಕೊಂಡು ಬೇರೆಯವರನ್ನು ಸಿಕ್ಕಿಸೋದಕ್ಕೆ. ಹೋಮ್‌ವರ್ಕ್ ಬರೆಯದೆ ಹೊಟ್ಟೆನೋವು ಅನ್ನೋದಕ್ಕೆ ರಾಹಾಬಳನ್ನು ಕರೆತರೋ ಹಾಗಿಲ್ಲ ಅಂತ ಆ ಹುಡುಗನಿಗೆ ಹೇಳಿ. ಮತ್ತೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿರಲ್ಲ, ಅದು ನನಗೆ ತುಂಬಾ ಹಿಡಿಸಿತು.

ಪ್ರಶ್ನೆ: ನಮ್ಮ ಸಭೆಯ ಕಮಿಟಿಗೆ ಈ ವರ್ಷ ಆಯ್ಕೆ ಆಗಿದ್ದೇನೆ. ಚಾವಣಿ ರಿಪೇರಿ ಫಂಡಿನಲ್ಲಿ ತೋರಿಸಿದ ಖರ್ಚಿಗೂ ಇರುವ ಬಿಲ್ಲಿಗೂ ತಾಳೆ ಇಲ್ಲ. ಖಜಾಂಚಿ ಹಳೇ ಮನೆತನದವರು. ಕೇಳಿದ್ದಕ್ಕೆ, "ಹೆಂಗಸರಿಗೆ ಯಾಕೆ ಈ ಲೆಕ್ಕ? ಹೊರಗೆ ಗೊತ್ತಾದರೆ ಕ್ರೈಸ್ತರ ಮಾನ ಹೋಗುತ್ತೆ" ಅಂದರು. ಸಭೆ ಒಡೆಯೋ ಪಾಪ ನನಗೆ ಬರುತ್ತಾ?
(ದಾವಣಗೆರೆ)

ಉತ್ತರ: ಮಾನದ ಮಾತು ಬಂತಲ್ಲ, ಅದನ್ನೇ ಮೊದಲು ನೋಡೋಣ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಒಂದು ಪ್ರಸಂಗ ಇದೆ. ಪೇತ್ರ ಅಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ, ಅಂಥವರ ಜೊತೆ ಉಣ್ಣೋದನ್ನು ಒಪ್ಪದ ಕೆಲವರು ಬಂದರು. ಅವರಿಗೆ ಹೆದರಿ ಪೇತ್ರ ಪಂಕ್ತಿ ಬೇರೆ ಮಾಡಿಕೊಂಡ. ಅವನನ್ನು ನೋಡಿ ಉಳಿದವರೂ ಎದ್ದರು, ಬಾರ್ನಬನಂಥವನೂ ಎದ್ದ. ಪಂಕ್ತಿಭೇದ ಅಂದರೆ ಏನು, ಎದ್ದು ಹೋದವರ ಎಲೆಯ ಪಕ್ಕ ಕೂತವನಿಗೆ ಹೇಗಾಗುತ್ತೆ ಅಂತ ನಮ್ಮ ಊರುಗಳವರಿಗೆ ಬಿಡಿಸಿ ಹೇಳಬೇಕಾ? ಪೌಲ ಎಲ್ಲರ ಎದುರಿಗೇ ಪೇತ್ರನನ್ನು ಕೇಳಿದ. ಪೇತ್ರ ಸಾಮಾನ್ಯ ಮನುಷ್ಯನಲ್ಲ, ಅಪೊಸ್ತಲರಲ್ಲೇ ಮುಂದಾಳು.

ಹೊರಗಿನವರು ನಗುತ್ತಾರೆ ಅಂತ ಮುಚ್ಚಿಡಬೇಕಿದ್ದರೆ ಮೊದಲು ಇದನ್ನು ಮುಚ್ಚಿಡಬೇಕಿತ್ತು. ಯೇಸುವನ್ನು ಹಿಡಿದ ರಾತ್ರಿ ಕೆಂಡದ ಮುಂದೆ ಕೈ ಕಾಸಿಕೊಳ್ಳುತ್ತಾ ಪೇತ್ರ ಅವರನ್ನು ಅರಿಯೆ ಅಂದದ್ದನ್ನೂ ಮುಚ್ಚಿಡಬೇಕಿತ್ತು. ಮುಚ್ಚಲಿಲ್ಲ. ನಾಲ್ಕು ಸುವಾರ್ತೆಗಳಲ್ಲೂ ಅದು ಇದೆ. ಎರಡು ಸಾವಿರ ವರ್ಷದಿಂದ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾ ಬಂದಿದ್ದೇವೆ. ಅದರಿಂದ ಮಾನ ಹೋಗಲಿಲ್ಲ. ಒಂದು ಚಾವಣಿಯ ಬಿಲ್ಲು ತೋರಿಸಿದರೆ ಹೋಗುತ್ತಾ?

ದುಡ್ಡಿನ ವಿಷಯದಲ್ಲಂತೂ ಪೌಲ ಇನ್ನೂ ಎಚ್ಚರದವನು. ಯೆರೂಸಲೇಮಿನ ಬಡವರಿಗೆ ಕಾಣಿಕೆ ಕೂಡಿಸಿದಾಗ ಒಬ್ಬನ ಕೈಯಲ್ಲಿ ಕೊಟ್ಟು ಕಳಿಸಲಿಲ್ಲ. ಜೊತೆಗೆ ಬೇರೆಯವರನ್ನೂ ಹಾಕಿದ. ಇಷ್ಟು ದೊಡ್ಡ ಮೊತ್ತದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಕಾರಣ ಬರೆದ. 2 ಕೊರಿಂಥದ 8ನೇ ಅಧ್ಯಾಯ. ಪೌಲನಿಗೇ ಲೆಕ್ಕ ತೋರಿಸೋದು ಅವಮಾನ ಅನ್ನಿಸಲಿಲ್ಲ. ಆ ಪುಟ ತೆಗೆದು ಕಮಿಟಿಯಲ್ಲಿ ಓದಿ.

ಆದರೆ ಖಜಾಂಚಿಗೂ ನ್ಯಾಯ ಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ನೀವು ಕಂಡದ್ದು ಬಿಲ್ಲು ಇಲ್ಲ ಅನ್ನೋದನ್ನು. ದುಡ್ಡು ತಿಂದದ್ದನ್ನು ಕಂಡಿಲ್ಲ. ಗಾರೆಯವನು ಬಿಲ್ಲು ಕೊಟ್ಟಿರಲಿಕ್ಕಿಲ್ಲ, ಮರದ ಅಂಗಡಿಯ ಚೀಟಿ ಕಳೆದಿರಬಹುದು. ಹಿರಿಯನ ಮೇಲೆ ದೂರು ಬಂದರೆ ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಒಪ್ಪಬೇಡ ಅಂತ ತಿಮೊಥೆಯನಿಗೆ ಬರೆದವನೂ ಇದೇ ಪೌಲ. ಮೊದಲು ಅವರ ಮನೆಗೇ ಹೋಗಿ, ಇಷ್ಟು ಮೊತ್ತಕ್ಕೆ ಬಿಲ್ಲು ಸಿಗುತ್ತಿಲ್ಲ ಅಂತ ಪಟ್ಟಿ ಕೊಟ್ಟು ಕೇಳಿ. ಹದಿನೈದು ದಿನ ಬಿಡಿ. ಆಗದಿದ್ದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ. ಆಗಲೂ ಆಗದಿದ್ದರೆ ಅಯ್ಯನವರ (ಪಾದ್ರಿಗಳ) ಎದುರಿಗೆ, ಆಮೇಲೆ ಸಭೆಗೆ. ನಡುವೆ ನಲ್ಲಿ ಹತ್ತಿರ, ಮದುವೆ ಮನೆಯಲ್ಲಿ, ಫೋನಿನಲ್ಲಿ ಇದನ್ನು ಆಡಬೇಡಿ.

ಹೆಂಗಸರಿಗೆ ಯಾಕೆ ಅಂದರಾ? ಯೇಸುವಿನ ಖಾಲಿ ಸಮಾಧಿಯ ಸುದ್ದಿ ತಂದವರು ಹೆಂಗಸರು. ಅಪೊಸ್ತಲರಿಗೆ ಅದು ಹರಟೆ ಅನ್ನಿಸಿತು, ನಂಬಲಿಲ್ಲ ಅಂತ ಲೂಕನೇ ಬರೆದಿದ್ದಾನೆ. ಹೆಂಗಸರು ಕಂಡದ್ದೇ ನಿಜವಾಗಿತ್ತು.

ಪ್ರಶ್ನೆ: ಎದುರು ಮನೆಯ ಹುಡುಗನಿಗೆ ಚಿತ್ರದುರ್ಗದಿಂದ ಹೆಣ್ಣು ನೋಡಿದ್ದಾರೆ. ಹುಡುಗಿಯ ತಾಯಿ ನನ್ನ ನಂಬರ್ ಹುಡುಕಿ ಫೋನ್ ಮಾಡಿ, "ನೀವು ಚರ್ಚಿಗೆ ಹೋಗೋರಂತೆ, ನಿಜ ಹೇಳ್ತೀರಿ ಅಂತ ಕೇಳ್ತಿದ್ದೀನಿ" ಅಂದರು. ಹುಡುಗ ಕುಡಿಯುತ್ತಿದ್ದ, ಒಮ್ಮೆ ಬಿಡಿಸೋ ಕೇಂದ್ರಕ್ಕೂ ಸೇರಿಸಿದ್ದರು. ಈಗ ಆರೇಳು ತಿಂಗಳಿಂದ ಕುಡಿದದ್ದು ಕಂಡಿಲ್ಲ. ಅವನ ತಾಯಿ ನನ್ನ ಬಾಣಂತನಕ್ಕೆ ಬಿಸಿನೀರು ಕಾಸಿ ಕೊಟ್ಟವರು. "ಎರಡು ಒಳ್ಳೇ ಮಾತು ಹೇಳಮ್ಮ" ಅಂತ ಕೈ ಹಿಡಿದುಕೊಂಡರು. ಅಡುಗೆ ಮಾಡ್ತಿದ್ದೀನಿ, ಆಮೇಲೆ ಮಾಡ್ತೀನಿ ಅಂತ ಫೋನ್ ಇಟ್ಟೆ.
(ಹರಿಹರ)

ಉತ್ತರ: ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ನಮ್ಮಲ್ಲೊಂದು ಗಾದೆ ಇದೆ. ಅದರಿಂದ ಎಷ್ಟು ಹೆಣ್ಣುಮಕ್ಕಳು ಕಣ್ಣೀರು ಹಾಕಿದ್ದಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆ ಸಾವಿರ ಸುಳ್ಳಿನ ಸಾಲ ತೀರಿಸೋದು ಹೇಳಿದವರಲ್ಲ, ಆ ಮನೆಗೆ ಸೇರಕ್ಕಿ ಒದ್ದು ಬರೋ ಹುಡುಗಿ.

ಕಂಡದ್ದನ್ನೆಲ್ಲ ಕೇಳಿದವರಿಗೆಲ್ಲ ಹೇಳಬೇಕು ಅಂತೇನಿಲ್ಲ. ಗುಟ್ಟು ಕಾಪಾಡುವವನು ನಂಬಿಗಸ್ತ ಅಂತ ಸತ್ಯವೇದದ ಜ್ಞಾನೋಕ್ತಿಗಳಲ್ಲೇ ಇದೆ. ತರಕಾರಿ ಮಾರೋರು ಕೇಳಿದ್ದರೆ ನನಗೆ ಗೊತ್ತಿಲ್ಲಮ್ಮ, ಅವರನ್ನೇ ಕೇಳಿ ಅಂದರೂ ನಾನು ಏನೂ ಅನ್ನುತ್ತಿರಲಿಲ್ಲ. ಆದರೆ ಇದು ಒಬ್ಬ ಹುಡುಗಿ ಬದುಕು ಕಟ್ಟಬೇಕಾದ ಮನೆ. ಅವರಿಗೆ ತಿಳಿಯೋ ಹಕ್ಕಿದೆ.

ಮೊದಲು ಎದುರು ಮನೆಗೆ ಹೋಗಿ. ಬಿಸಿನೀರು ಕಾಸಿದ ಕೈ ಅದು, ಆ ಕೈ ಹಿಡಿದುಕೊಂಡೇ ಹೇಳಿ: "ಅಮ್ಮಾ, ನನ್ನ ಬಾಯಲ್ಲಿ ಸುಳ್ಳು ಹೇಳಿಸಬೇಡಿ. ನೀವೇ ಅವರಿಗೆ ಹೇಳಿಬಿಡಿ, ಕುಡೀತಿದ್ದ, ಚಿಕಿತ್ಸೆ ಕೊಡಿಸಿದೆವು, ಈಗ ಬಿಟ್ಟಿದ್ದಾನೆ ಅಂತ. ನೀವು ಹೇಳಿದರೆ ಅದಕ್ಕೆ ಬೆಲೆ. ನಾನು ಹೇಳಿದರೆ ಚಾಡಿ ಆಗುತ್ತೆ." ಭಾನುವಾರದವರೆಗೆ ಸಮಯ ಕೊಡಿ. ಆಗುವುದಾದರೆ ಹುಡುಗನ ಜೊತೆಗೂ ಮಾತಾಡಿ. ಬಿಟ್ಟವನಿಗೆ ಬಿಟ್ಟೆ ಅಂತ ಹೇಳಿಕೊಳ್ಳೋಕೆ ಒಂದು ಅವಕಾಶ ಸಿಗಲಿ.

ಅವರು ಹೇಳದಿದ್ದರೆ ನೀವು ಫೋನ್ ಮಾಡಲೇಬೇಕು. ಆಗ ಎರಡೂ ಹೇಳಿ. ಕುಡಿದು ಬಂದು ಗೇಟಿನ ಹತ್ತಿರ ಬಿದ್ದದ್ದು ಕಂಡಿದ್ದರೆ ಅದನ್ನು ಹೇಳಿ. ಈ ಆರೇಳು ತಿಂಗಳು ಬೆಳಗ್ಗೆ ಡಬ್ಬಿ ಹಿಡಿದು ಕೆಲಸಕ್ಕೆ ಹೋಗೋದನ್ನು ಕಂಡಿದ್ದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ. ಇನ್ನು ಕುಡಿಯಲ್ಲ ಅಂತ ಮಾತು ಕೊಡಬೇಡಿ, ಕುಡೀತಾನೆ ಅಂತಲೂ ಹೇಳಬೇಡಿ. ಎರಡೂ ನಿಮಗೆ ಗೊತ್ತಿಲ್ಲ. ನಾನು ಕಂಡದ್ದು ಇಷ್ಟು, ಬಂದು ಹುಡುಗನ ಜೊತೆಗೇ ಕೂತು ಮಾತಾಡಿ ಅನ್ನಿ.

ಎದುರು ಮನೆಯವರು ಸ್ವಲ್ಪ ದಿನ ಮಾತು ಬಿಡಬಹುದು. ಬಿಟ್ಟರೂ ಕ್ರಿಸ್ಮಸ್‌ಗೆ ಮಾಡೋ ಕರ್ಜಿಕಾಯಿ ಆ ಮನೆಗೆ ಹೋಗೋದು ತಪ್ಪಬಾರದು. ಭಾನುವಾರ ಕಳೆದ ಮೇಲೆ ಏನಾಯಿತು ಅಂತ ನನಗೊಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.